ಬಖೂರ್ ಬಂದ ಮೇಲೆ

ಸೌದಿಯ ಈ ಖೋಬರಿನಲ್ಲಿ ಚಳಿ ಹೇಳದೆ ಕೇಳದೆ ಬರುತ್ತದೆ. ನಿನ್ನೆಯವರೆಗೆ ಏಸಿ ಹಾಕಿಕೊಂಡು ಮಲಗಿದವರು ಇವತ್ತು ಕಂಬಳಿ ಹುಡುಕುತ್ತೇವೆ. ಮೊನ್ನೆ ಹಾಗೆ ಕಂಬಳಿಗೆಂದು ಕಪಾಟಿನ ಮೇಲಿನ ಬಾಗಿಲು ತೆರೆದೆ. ಮುಖಕ್ಕೆ ಬಡಿದದ್ದು ನುಸಿಗುಳಿಗೆಯ ವಾಸನೆಯಲ್ಲ. ಸುಟ್ಟ ಸಕ್ಕರೆ, ಗುಲಾಬಿ, ಕಸ್ತೂರಿ, ಅದರ ಅಡಿಯಲ್ಲಿ ಎಲ್ಲೋ ಹಳೆಯ ಮರದ ಪರಿಮಳ... ಕಂಬಳಿಗಳ ಹಿಂದೆ ನಾನೇ ಬಚ್ಚಿಟ್ಟಿದ್ದ ಸಣ್ಣ ಸ್ಟೀಲ್ ಡಬ್ಬಿಯ ಕೆಲಸ ಅದು. ಮುಚ್ಚಳ ಎಷ್ಟು ಬಿಗಿಯಾಗಿ ಒತ್ತಿದ್ದರೂ ಒಳಗಿದ್ದ ಬಖೂರಿನ ಉಂಡೆ ಸುಮ್ಮನಿರಲಿಲ್ಲ. ಮನೆಯ ಅಷ್ಟೂ ಕಂಬಳಿಗಳಿಗೆ ಹತ್ತಿಕೊಂಡಿತ್ತು.

ಬಖೂರ್ ಎಂದರೆ ಇಲ್ಲಿನವರು ಕೆಂಡದ ಮೇಲೆ ಹಾಕುವ ಪರಿಮಳದ ಉಂಡೆ. ನಮ್ಮ ಊರಿನ ಊದು, ಸಾಂಬ್ರಾಣಿಗಳಿಗೆ ದೂರದ ನೆಂಟ.

"ಮಮ್ಮಿ, ಮಾಲ್‌ನ ಸ್ಮೆಲ್ ಬರ್ತದೆ" ಎಂದಳು ಮಗಳು, ಮೂಗು ಮುಚ್ಚಿಕೊಂಡು. ಅವಳಿಗೆ ನೆನಪಿಲ್ಲ. ಈ ಪರಿಮಳದ ಸೆರಗಿನಲ್ಲೇ ಅವಳು ಎಷ್ಟೋ ಸಂಜೆ ನಿದ್ದೆ ಹೋಗಿದ್ದಾಳೆ, ನನ್ನ ಮಡಿಲಲ್ಲಲ್ಲ, ಮೇಲಿನ ಮನೆಯಾಕೆಯ ಮಡಿಲಲ್ಲಿ.

ನಾನು ಆಗ ಕೈಗೂಸು ಮಗಳೊಂದಿಗೆ ಖೋಬರಿಗೆ ಬಂದ ಹೊಸತು. ಇವರಿಗೆ ಒಂದು ಕಂಪೆನಿಯಲ್ಲಿ ಸೇಫ್ಟಿ ಆಫೀಸರ್ ಕೆಲಸ. ಬೆಳಗಿನ ನಮಾಜು ಮುಗಿಸಿ ಸೈಟಿಗೆ ಹೋದರೆ ಸೂರ್ಯ ಮುಳುಗಿ ಮಗ್ರಿಬಿನ ಬಾಂಗಿನ ಹೊತ್ತಿಗೆ ಧೂಳು ಹೊತ್ತುಕೊಂಡು ಬರುವುದು. ನಾನೋ ಬಂಟ್ವಾಳದ ಆಚೆಯ ಕನ್ನಡ ಶಾಲೆಯಲ್ಲಿ ಮಕ್ಕಳ ಗಲಾಟೆಯ ನಡುವೆ ಪಾಠ ಮಾಡಿಕೊಂಡಿದ್ದವಳು. ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿ ಡಬ್ಬಗಳು, ಮುಚ್ಚಿದರೆ ನಮ್ಮದೇ ಏಸಿಯ ಗುಂಯ್ ಸದ್ದು. ಮಾತಾಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ ಎಂದು ಉಮ್ಮ ಮದುವೆಗೆ ಮೊದಲೇ ಇವರ ಕಡೆಯವರಿಗೆ ಹೇಳಿದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ದಿನ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಇಳಿಯುತ್ತಿದ್ದ, ಕಪ್ಪು ನಿಲುವಂಗಿ ಅಬಾಯಾ ತೊಟ್ಟ ಹೆಂಗಸು ಚೀಲದಲ್ಲಿದ್ದ ಕರಿಬೇವನ್ನು ನೋಡಿ ನಿಂತಳು. ಹಿಂದಿಯಲ್ಲಿ, ನನಗಿಂತ ಚೆನ್ನಾದ ಹಿಂದಿಯಲ್ಲಿ, "ಸಂಜೆ ಅಸರ್ ನಮಾಜು ಆದ ಮೇಲೆ ಬಾ, ಚಾ ಕುಡಿಯೋಣ" ಎಂದಳು. ಆಕೆಯ ಊರು ಯೆಮೆನಿನ ಏಡನ್. ಬಂದರು ಪಟ್ಟಣ. ಆಕೆಯ ಅಜ್ಜಿಯ ಕಾಲದಲ್ಲಿ ಅಲ್ಲಿ ಬೀದಿಗೊಂದು ಗುಜರಾತಿ ಅಂಗಡಿ ಇತ್ತಂತೆ. ಅಜ್ಜಿಯಿಂದ ಅರ್ಧ, ಸಿನಿಮಾದಿಂದ ಅರ್ಧ ಹಿಂದಿ ಕಲಿತಿದ್ದಳು.

ಆ ದಿನ ಹೋದೆ. ಹೋಗಿ ಮಾಡಿದ ಫಜೀತಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೋಣೆಯ ತುಂಬ ಆಕೆಯ ಊರಿನ ಹೆಂಗಸರು. ಏಲಕ್ಕಿ ಹಾಕಿ ಕುದಿಸಿದ ಹಾಲಿನ ಚಾ. ನಮ್ಮ ಊರಿನ ಮದುವೆ ಮನೆಯ ಚಾದ ಹಾಗೆಯೇ ಇತ್ತು, ಅಳು ಬಂತು. ಸ್ವಲ್ಪ ಹೊತ್ತಾದ ಮೇಲೆ ಆಕೆ ಮಣ್ಣಿನ ಧೂಪದಾನಿ ಹಿಡಿದುಕೊಂಡು ಬಂದಳು. ಒಬ್ಬೊಬ್ಬರೂ ಹೊಗೆಯನ್ನು ಕೂದಲಿಗೆ, ಅಬಾಯಾದ ಒಳಗೆ ಎಳೆದುಕೊಂಡರು. ನಮ್ಮಲ್ಲಿ ಪ್ರವಾದಿಯನ್ನು ಹೊಗಳುವ ಮೌಲೂದು ಓದುವ ಮೊದಲು ಊದು ಹಾಕುತ್ತಾರೆ. ಹೊಗೆ ಬಂತೆಂದರೆ ಕಾರ್ಯಕ್ರಮ ಶುರು ಎಂದು ಅರ್ಥ. ನಾನು ಕಾಲು ಮಡಚಿ ಗಟ್ಟಿಯಾಗಿ ಕೂತೆ. ನೋಡಿದರೆ ಹೆಂಗಸರೆಲ್ಲ ಎದ್ದು, ಕೆನ್ನೆಗೆ ಕೆನ್ನೆ ತಾಗಿಸಿ, ಹೊರಟೇಬಿಟ್ಟರು. ಆಕೆ ಮತ್ತೆ ಧೂಪದಾನಿ ತಂದು ನನ್ನ ಮುಂದೆ ಹಿಡಿದಳು. "ಒಳ್ಳೆ ಪರಿಮಳ" ಎಂದೆ. ಒಳಗೆ ಹೋಗಿ ಹೊಸ ಕೆಂಡ ಹಾಕಿಕೊಂಡು ಮತ್ತೊಮ್ಮೆ ತಂದಳು. ನಾನು ಮತ್ತೊಮ್ಮೆ ಹೊಗಳಿದೆ. ಆಗ ಆಕೆ ಧೂಪದಾನಿಯನ್ನು ನೆಲದ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ನಮ್ಮಲ್ಲಿ ಒಂದು ಮಾತಿದೆ. ಬಖೂರ್ ಬಂದ ಮೇಲೆ ಕೂರುವುದಿಲ್ಲ. ಇದು ಹೋಗಿಬನ್ನಿ ಅಂತ ಹೇಳುವ ಮರ್ಯಾದೆ."

ನಾನು ನಾಚಿ ನೀರಾಗಿ ಎದ್ದೆ. ಆಕೆ ಕೈ ಹಿಡಿದು ಎಳೆದು ಕೂರಿಸಿದಳು. "ನೀನು ಕೂರು. ಇನ್ನು ಮೇಲೆ ಬಖೂರ್ ಬೇರೆಯವರಿಗೆ."

ಆವತ್ತಿನಿಂದ ಅದೇ ಕಾನೂನು. ಅಸರ್ ಆದ ಕೂಡಲೇ ಮಗುವನ್ನು ಸೊಂಟಕ್ಕೇರಿಸಿ ನಾನು ಮೇಲೆ. ಯಾರೇ ಬಂದಿರಲಿ, ಸ್ವಲ್ಪ ಹೊತ್ತಿಗೆ ಧೂಪದಾನಿ ಬರುತ್ತಿತ್ತು. ಅವರೆಲ್ಲ ಏಳುತ್ತಿದ್ದರು, ನಾನು ಕೂತೇ ಇರುತ್ತಿದ್ದೆ. ಕಿಟಕಿಯ ಬದಿಯ ದಿಂಬು ನನ್ನದು. ಎದ್ದು ಹೋಗುವವರು ನನ್ನತ್ತ ಒಂದು ನೋಟ ಬೀರುತ್ತಿದ್ದರು... ಆ ನೋಟಕ್ಕಿಂತ ರುಚಿಯಾದದ್ದನ್ನು ನಾನು ಸೌದಿಯಲ್ಲಿ ತಿಂದಿಲ್ಲ.

ಬಖೂರನ್ನು ಆಕೆ ಅಂಗಡಿಯಿಂದ ತರುತ್ತಿರಲಿಲ್ಲ. ಏಡನಿನ ಹೆಂಗಸರು ಅದನ್ನು ಮನೆಯಲ್ಲೇ ಕಾಯಿಸುವುದು. ಸಕ್ಕರೆ ಪಾಕ ಎಳೆ ಬರುವಾಗ ಊದಿನ ಪುಡಿ, ಅತ್ತರು ಹಾಕಿ ತಿರುವಬೇಕು. ತಿರುವುವ ಕೆಲಸ ನನ್ನದು. ನಾನು ಆಕೆಗೆ ನಮ್ಮೂರಿನ ಅಕ್ಕಿಯ ತಿಂಡಿ, ಬೆಲ್ಲದ ಕಲ್ತಪ್ಪ ಮಾಡುವುದನ್ನು ಕಲಿಸಿದೆ. ಬೇಡಬೇಡವೆಂದರೂ ನನ್ನ ಬಾಯಿಂದ ಬೀಳುತ್ತಿದ್ದ "ಮಾರಾಯ್ತಿ" ಆಕೆಗೂ ಅಂಟಿತು. "ಚಾ ಆರ್ತದೆ ಮಾರಾಯ್ತಿ" ಎಂದು ಆಕೆ ಮೇಲಿನ ಮೆಟ್ಟಿಲಿನಿಂದ ಕೂಗಿದರೆ ನನಗೆ ಕಲ್ಲಡ್ಕದ ಬಸ್‌ಸ್ಟಾಂಡಿನಲ್ಲಿ ನಿಂತ ಹಾಗಾಗುತ್ತಿತ್ತು.

ನನಗೆ ಹಂಚಿಕೊಂಡು ಗೊತ್ತಿಲ್ಲ. ಚಿಕ್ಕವಳಿದ್ದಾಗ ಉಮ್ಮ ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡರೆ ನಾನು ಬಾವಿಕಟ್ಟೆ ಹತ್ತಿ ಕೂರುತ್ತಿದ್ದೆನಂತೆ. ಆ ಬುದ್ಧಿ ಸಮುದ್ರ ದಾಟಿದರೂ ಹೋಗಿರಲಿಲ್ಲ. ಆಕೆ ಪೂರ್ತಿ ನನ್ನವಳೇ ಆಗಿರಬೇಕಿತ್ತು. ಆಗಿದ್ದಳು ಕೂಡ, ಯುದ್ಧದ ಕೃಪೆಯಿಂದ.

ಆ ಯುದ್ಧವನ್ನು ಆಕೆ ನನಗೆ ಚಾ ಲೋಟಗಳನ್ನಿಟ್ಟು ವಿವರಿಸಿದ್ದಳು. ದೂರದಲ್ಲೊಂದು ಲೋಟ: ರಾಜಧಾನಿ ಹಿಡಿದು ಕೂತವರು. ಇತ್ತ ಎರಡು ಲೋಟ: ಅವರ ವಿರುದ್ಧ ಹೋರಾಡುವ ಎರಡು ಬಣ. ಒಂದು ಆಕೆಯ ಗಂಡನದು, ಇನ್ನೊಂದು ಬೇರೆಯವರದು. ಶತ್ರು ಒಬ್ಬನೇ ಆದರೂ ಈ ಎರಡು ಬಣಗಳೇ ಆಕೆಯ ಬೀದಿಯಲ್ಲಿ ಪರಸ್ಪರ ಗುಂಡು ಹಾರಿಸಿಕೊಂಡಿದ್ದವು. ಆ ಗಲಾಟೆಯಲ್ಲಿ, ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಆಕೆಯ ತಮ್ಮನನ್ನು ಆ ಇನ್ನೊಂದು ಬಣದವರು ದಾರಿಯಲ್ಲಿ ತಡೆದು ಹಿಡಿದುಕೊಂಡು ಹೋದರು. ಮತ್ತೆ ಅವನ ಸುದ್ದಿಯಿಲ್ಲ. ತಮ್ಮನ ಮಾತು ಬಂದ ದಿನ ಆಕೆ ಚಾಕ್ಕೆ ಸಕ್ಕರೆ ಹಾಕಲು ಮರೆಯುತ್ತಿದ್ದಳು. ನಾನು ಸಪ್ಪೆ ಚಾವನ್ನೇ ಕುಡಿಯುತ್ತಿದ್ದೆ.

ಹೀಗಿರುವಾಗ ಆಕೆಯ ಎದುರಿನ ಫ್ಲ್ಯಾಟಿಗೆ ಹೊಸ ಸಂಸಾರ ಬಂತು. ಅವರೂ ಯೆಮೆನಿನವರೇ. ಗಂಡ ಆ ಇನ್ನೊಂದು ಬಣದ ಮುಖಂಡರಿಗೆ ಹತ್ತಿರದವನು. ಹೆಂಡತಿ ಎತ್ತರದ, ಗಂಭೀರ ಮುಖದ, ಕೈತುಂಬ ಮೈಲಾಂಚಿಯ ಕೆಂಪು ಚಿತ್ತಾರದ ಹೆಂಗಸು. ನಾನು ಅವಳನ್ನು "ಹೊಸಬಳು" ಎಂದು ಕರೆದೆ. ವರ್ಷಗಳಾದರೂ ನನ್ನ ಬಾಯಲ್ಲಿ ಅವಳು ಹೊಸಬಳೇ.

ಮೇಲಿನ ಮನೆಯಾಕೆ ಅವಳ ಮುಖ ನೋಡುತ್ತಿರಲಿಲ್ಲ. ಸಲಾಮಿಗೆ ಉತ್ತರ ಕೊಡದಿದ್ದರೆ ಪಾಪವಲ್ಲವೇ? ಅದಕ್ಕೆ ಹೊಸಬಳು ಸಲಾಂ ಹೇಳುವ ಮೊದಲೇ ಆಕೆ ಬಾಗಿಲು ಹಾಕಿಕೊಂಡುಬಿಡುತ್ತಿದ್ದಳು. ಎದುರಿನ ಬಾಗಿಲು ತೆರೆದ ಸದ್ದಾದರೆ ಈಚೆ ಬಾಗಿಲು ಮುಚ್ಚಿದ ಸದ್ದು. ಊರಿನ ಹೆಂಗಸರೂ ಎರಡು ಪಾಲಾದರು. ಹೊಸಬಳ ಮನೆಗೆ ಹೋಗುವವರು ಆಕೆಯ ಮನೆಗೆ ಬರುವುದನ್ನು ಬಿಟ್ಟರು. ಉಳಿದವರಿಗೂ ಆ ಮೆಟ್ಟಿಲು ಹತ್ತಲು ಮುಜುಗರ, ಕೋಣೆ ಖಾಲಿಯಾಯಿತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರಲ್ಲ, ಆ ಮೂರನೆಯವಳು ನಾನು. ಧೂಪದಾನಿ ಕಪಾಟು ಸೇರಿತು. ಎಬ್ಬಿಸಲು ಯಾರೂ ಇರಲಿಲ್ಲ.

ಅಷ್ಟರಲ್ಲಿ ರಿಯಾದಿನಲ್ಲಿ ಮಾತುಕತೆ ಶುರುವಾಯಿತು. ಬಣಗಳೆಲ್ಲ ಸೇರಿ, ಯುದ್ಧ ಮುಗಿಯುವವರೆಗಾದರೂ ನಡೆಯುವಂಥ ಒಂದು ತಾತ್ಕಾಲಿಕ ಸರಕಾರ ಮಾಡಬೇಕು, ಖಾತೆಗಳನ್ನು ಪಾಲು ಹಾಕಿಕೊಳ್ಳಬೇಕು ಎಂದು. ಆಕೆಯ ಗಂಡನೂ ಹೊಸಬಳ ಗಂಡನೂ ಒಂದೇ ವಾರ ಬೇರೆ ಬೇರೆ ಕಾರು ಹತ್ತಿ ರಿಯಾದಿಗೆ ಹೋದರು. ಅಲ್ಲಿ ಒಂದು ದೊಡ್ಡ ಹೋಟೆಲಿನಲ್ಲಿ ಎಲ್ಲರನ್ನೂ ಇಳಿಸಿದ್ದರಂತೆ. ಒಂದು ಬಣಕ್ಕೆ ಒಂದು ಮಹಡಿ, ಇನ್ನೊಂದಕ್ಕೆ ಇನ್ನೊಂದು. ಲಿಫ್ಟಿನಲ್ಲಿ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ.

ಇವರಿಗೆ ಹೇಳಿದರೆ ನಕ್ಕರು. "ಇದೆಂತ ಹೊಸತು ಮಾರಾಯ್ತಿ? ನಮ್ಮಲ್ಲಿ ರೆಸಾರ್ಟ್ ಅಂತಾರೆ, ಇಲ್ಲಿ ಹೋಟೆಲ್ ಅಂತಾರೆ."

"ರೆಸಾರ್ಟಿನವರ ತಮ್ಮಂದಿರು ಯಾರೂ ಜೈಲಲ್ಲಿ ಇರುವುದಿಲ್ಲ" ಎಂದೆ.

ಸಂಜೆ ನಾವಿಬ್ಬರೂ ಟಿವಿಯ ಎದುರು. ಇವತ್ತು ಸರಕಾರ ಆಯಿತು ಎನ್ನುವರು, ನಾಳೆ ಮುರಿಯಿತು ಎನ್ನುವರು. ಒಳಾಡಳಿತ ಯಾರಿಗೆ, ಹಣಕಾಸು ಯಾರಿಗೆ ಎಂಬಲ್ಲಿ ಗಾಡಿ ನಿಲ್ಲುತ್ತಿತ್ತು. ಸರಕಾರವಾದರೆ ಬಣಗಳು ತಂತಮ್ಮ ಕೈದಿಗಳನ್ನು ಬಿಡುತ್ತವೆ, ತಮ್ಮನೂ ಮನೆಗೆ ಬರುತ್ತಾನೆ ಎಂಬುದು ಆಕೆಯ ಆಸೆ. ಸರಕಾರವಾದರೆ ಆಕೆಯ ಗಂಡನಿಗೆ ಹುದ್ದೆ, ಹುದ್ದೆಯಾದರೆ ಏಡನ್, ಏಡನ್ ಎಂದರೆ ನನ್ನ ತಲೆಯ ಮೇಲಿನ ಮನೆ ಖಾಲಿ ಎಂಬುದು ನನ್ನ ಲೆಕ್ಕ. ಆಕೆ ದುಆ ಮಾಡುವಾಗ ನಾನೂ ಪಕ್ಕದಲ್ಲಿ ಕೈ ಎತ್ತುತ್ತಿದ್ದೆ. ತಮ್ಮ ಬರಲಿ ಎಂದು ಕೇಳುತ್ತಿದ್ದೆ, ಅದು ನಿಜ. ಸರಕಾರ ಆಗಲಿ ಎಂದು ಮಾತ್ರ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಒಂದಿಲ್ಲದೆ ಇನ್ನೊಂದು ಹೇಗೆ ಎಂಬುದನ್ನು ಅಲ್ಲಾಹನಿಗೇ ಬಿಟ್ಟಿದ್ದೆ.

ಒಂದು ದಿನ ಮೇಲೆ ಹತ್ತಿದಾಗ ಆಕೆಯ ಬಾಗಿಲಲ್ಲಿ ಕಪ್ಪು ಚಪ್ಪಲಿ ಕಂಡಿತು. ಬಂಗಾರದ ಬಣ್ಣದ ಪಟ್ಟಿ. ಯಾರದೆಂದು ನನಗೆ ಗೊತ್ತಿತ್ತು. ಹೊಸಬಳ ಬಾಗಿಲ ಬಳಿ ದಿನವೂ ನೋಡುತ್ತಿದ್ದೆನಲ್ಲ. ಒಳಗಿನಿಂದ ಆಕೆಯ ದನಿ ಕೇಳಿತು. "ಕೂರು ಮಾರಾಯ್ತಿ, ಇನ್ನೊಂದು ಲೋಟ."

ನನ್ನ ಮಾತು. ನನ್ನ ಊರಿನ ಮಾತು. ಬೆಲ್ಲದ ಕಲ್ತಪ್ಪದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಾನು ಕೆಳಗಿಳಿದು ಬಂದೆ. ಆ ಕಲ್ತಪ್ಪವನ್ನು ಇವರು ಒಬ್ಬರೇ ತಿಂದರು, "ಇವತ್ತು ಎಂತ ವಿಶೇಷ?" ಎಂದು ಕೇಳುತ್ತ.

ಆಮೇಲೆ ಆ ಚಪ್ಪಲಿ ದಿನವೂ ಅಲ್ಲೇ. ನಾನು ಬಿಟ್ಟುಕೊಟ್ಟವಳಲ್ಲ, ದಿನವೂ ಹೋದೆ. ಕಿಟಕಿಯ ಬದಿಯ ದಿಂಬಿನಲ್ಲಿ ಹೊಸಬಳು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆ ಎನ್ನುವುದನ್ನು ಕೇಳಿದ್ದೆ, ಎರಡನೇ ಮಹಡಿಯವರೆಗೂ ಬರುತ್ತದೆಂದು ಗೊತ್ತಿರಲಿಲ್ಲ. ಅವರಿಬ್ಬರೂ ಅರಬ್ಬಿಯಲ್ಲಿ ಬೇಗಬೇಗ ಮಾತಾಡುವರು. ನನಗೆ ಅರ್ಥವಾಗುವುದು ಕಾಲು ಭಾಗ. ನಡುವೆ ಆಕೆ ನನ್ನತ್ತ ತಿರುಗಿ ಹಿಂದಿಯಲ್ಲಿ ಮಗುವಿನ ಜ್ವರ ಬಿಟ್ಟಿತೇ ಎಂದು ಕೇಳುವಳು. ಒಗ್ಗರಣೆಯ ಕರಿಬೇವಿನ ಹಾಗೆ ನಾನು ತಟ್ಟೆಯ ಅಂಚಿನಲ್ಲಿ ಕೂತಿರುತ್ತಿದ್ದೆ. ಮಗಳು ಕೂಡ ಆ ಹೊಸಬಳ ಬಳೆ ಹಿಡಿಯಲು ತೆವಳಿಕೊಂಡು ಹೋಗುವಳು. ನಾನು ಕಾಲು ಹಿಡಿದು ಹಿಂದಕ್ಕೆಳೆಯುತ್ತಿದ್ದೆ.

ಬಣಗಳು ಒಂದಾಗುವುದನ್ನು ಟಿವಿಯವರು ಇನ್ನೂ ಕಾಯುತ್ತಿದ್ದರು. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಅದು ಆಗಲೇ ಆಗಿಹೋಗಿತ್ತು. ಸರಕಾರದೊಳಗೆ ಜಾಗವಿಲ್ಲದ್ದು ನನಗೊಬ್ಬಳಿಗೆ.

ಮರೆಯಲಾಗದ ಆ ಸಂಜೆ ಬಂದದ್ದು ಆಮೇಲೆ. ನಾನು ಹೋಗಿ ಕೂತು ಚಾ ಇನ್ನೂ ಅರ್ಧವೂ ಆಗಿರಲಿಲ್ಲ. ಆಕೆ ಎದ್ದು ಒಳಗೆ ಹೋದಳು. ಬಹಳ ದಿನಗಳ ಮೇಲೆ ಕೆಂಡದ ವಾಸನೆ ಬಂತು. ನನಗೆ ಒಳಗೊಳಗೇ ನಗು. ಹಾಂ, ಈಗ ಎದ್ದೇಳು ಹೊಸಬಳೇ, ಬಖೂರ್ ಬರುತ್ತಿದೆ ಎಂದುಕೊಂಡು ದಿಂಬಿಗೆ ಒರಗಿದೆ. ಆಕೆ ಧೂಪದಾನಿ ಹಿಡಿದು ಬಂದಳು. ಹೊಸಬಳನ್ನು ದಾಟಿ ಬಂದು ನನ್ನ ಮುಂದೆ ಹಿಡಿದಳು.

ನಾನು ಆಕೆಯ ಮುಖ ನೋಡಿದೆ. ಆಕೆ ಹೊಗೆಯನ್ನೇ ನೋಡುತ್ತಿದ್ದಳು. ಹೊಸಬಳು ಕದಲಲಿಲ್ಲ.

ಮೊದಲ ದಿನದ ಹಾಗೆ ಅರ್ಥವಾಗದವಳಂತೆ ಕೂತೇ ಇರಬಹುದಿತ್ತು... ಆಗಲಿಲ್ಲ. ಮಗುವನ್ನು ಎತ್ತಿಕೊಂಡು ಎದ್ದೆ. ಬಾಗಿಲ ತನಕ ಬಂದು ಆಕೆ "ನಾಳೆ ಬಾ" ಎಂದಳು. ಮೆಟ್ಟಿಲಿಳಿಯುವಾಗ ನನ್ನ ಕೂದಲೆಲ್ಲ ಆ ಪರಿಮಳ. ಮನೆಗೆ ಬಂದವಳೇ ತಲೆ ತೊಳೆದೆ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇವರು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿ, ಪೂರ್ತಿ ಉಂಡು ಎದ್ದರು.

ಮರುದಿನ ನಾನು ಹೋಗಲಿಲ್ಲ. ಆಕೆಯೇ ಇಳಿದು ಬಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ನಾನು ಮೀನು ಕೊಯ್ಯುತ್ತಿದ್ದೆ, ತಲೆ ಎತ್ತಲಿಲ್ಲ.

"ಕೋಪವಾ ಮಾರಾಯ್ತಿ?"

"ಆ ಮಾತು ಈಗ ಎಲ್ಲರಿಗೂ ಸಲ್ಲುತ್ತದಲ್ಲ. ಅವಳನ್ನೇ ಕರಿ."

ಆಕೆ ದನಿ ತಗ್ಗಿಸಿದಳು. "ನನ್ನ ತಮ್ಮ ಅವಳ ಕಡೆಯವರ ಹತ್ತಿರ ಇದ್ದಾನೆ. ಒಳಾಡಳಿತದಲ್ಲಿ ಅವಳ ಗಂಡನಿಗೆ ಜಾಗ ಸಿಗುತ್ತದೆ, ಜೈಲು ಎಲ್ಲ ಅವನ ಕೈಗೆ ಬರುತ್ತದೆ. ನಿನ್ನೆ ರಿಯಾದಿನಿಂದ ಅವಳಿಗೆ ಫೋನ್ ಬರುವ ಹೊತ್ತು. ಫೋನ್ ಬಂದಾಗ ನಾನು ಅವಳ ಕಾಲು ಹಿಡಿಯಬೇಕಿತ್ತು. ನೀನು ಅದನ್ನು ನೋಡುವುದು ನನಗೆ ಬೇಡ."

"ಹಿಡಿದೆಯಾ?"

"ಹಿಡಿದೆ."

ನನ್ನ ಕೈಯಲ್ಲಿ ಮೀನಿನ ರಕ್ತ. ಹೋಗಿ ತಬ್ಬಿಕೊಳ್ಳಬೇಕಾದ ಹೊತ್ತದು, ಈಗ ಗೊತ್ತಾಗುತ್ತದೆ. ಆಗ ನನಗೆ ಹೊಳೆದದ್ದು ಬೇರೆಯೇ. ಅವಳೆದುರು ಕಾಲು ಹಿಡಿಯಬಹುದು, ನನ್ನೆದುರು ಅಳಬಾರದಾ? ಆಕೆಯ ಅತಿ ದೊಡ್ಡ ಕಷ್ಟ ಆ ಹೊಸಬಳ ಪಾಲಿಗೆ ಹೋಯಿತು, ನನಗೆ ಉಳಿದದ್ದು ಚಾ, ನಗು, ಕಲ್ತಪ್ಪ. ಕೊಡಲು ನನ್ನ ಹತ್ತಿರ ಜೈಲೂ ಇರಲಿಲ್ಲ, ಬೀಗದ ಕೈಯೂ ಇರಲಿಲ್ಲ. ಕಾರಣ ತಿಳಿದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ, ಇನ್ನೂ ಹೊತ್ತಿಕೊಂಡಿತು.

ಸರಕಾರ ಕೊನೆಗೂ ಆಯಿತು. ಟಿವಿಯಲ್ಲಿ ಗಂಡಸರೆಲ್ಲ ಸಾಲಾಗಿ ನಿಂತು ಪ್ರಮಾಣ ಮಾಡಿದರು. ಲಿಫ್ಟಿನಲ್ಲಿ ಮುಖ ತಿರುಗಿಸಿದವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಆಕೆಯ ಗಂಡನಿಗೆ ಮೀನುಗಾರಿಕೆ ಖಾತೆಯಲ್ಲಿ ಮಂತ್ರಿಯ ಕೆಳಗಿನ ಹುದ್ದೆ. ಹೊಸಬಳ ಗಂಡನಿಗೆ ಅವರು ಎಣಿಸಿದ ಹಾಗೆಯೇ ಒಳಾಡಳಿತ. ಎರಡನೇ ಮಹಡಿಯ ಎರಡೂ ಬಾಗಿಲು ತೆರೆದಿಟ್ಟು ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಹಾಕಿದರು. ಇಡೀ ಕಟ್ಟಡಕ್ಕೆ ಬಿರಿಯಾನಿ. ಊರಿಗೇ ಒಂದು ದಾರಿಯಾದರೆ ಎಡವಟ್ಟಿಗೆ ಒಂದು ದಾರಿ ಎನ್ನುವ ಹಾಗೆ ನಾನು ಕೆಳಗೆ, ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

"ಎಂತ ಮಾರಾಯ್ತಿ ಇದು? ಸರಕಾರ ಬಂದದ್ದು ಅವರಿಗೆ, ಕಣ್ಣೀರು ನಿನಗಾ?" ಇವರು ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಸಮಾಧಾನಕ್ಕೆಂದು, "ಮೀನುಗಾರಿಕೆ ಅಂದರೆ ಸಣ್ಣ ಖಾತೆಯಲ್ಲ. ನಮ್ಮ ಮಂಗಳೂರಿನವರಿಗೆ ಕೊಟ್ಟಿದ್ದರೆ ಗೃಹ ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತಿದ್ದರು" ಎಂದರು. ಅಳುವಿನ ನಡುವೆಯೇ ನಗು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ತಮ್ಮ ಬಿಡುಗಡೆಯಾದ. ಫೋನಿನಲ್ಲಿ ಅವನ ಮುಖ ತೋರಿಸಲು ಆಕೆ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಳು. ನನ್ನ ಹತ್ತಿರ ಮೊದಲು ಬಂದಳೋ ಎದುರಿನ ಬಾಗಿಲಿಗೆ ಮೊದಲು ಹೋದಳೋ ಎಂದು ನಾನು ಆ ಗಳಿಗೆಯಲ್ಲೂ ಯೋಚಿಸಿದೆ. ಎಲುಬು ಕಾಣುವ ಮುಖ, ದೊಡ್ಡ ಕಣ್ಣು. ಆಕೆಯದೇ ಕಣ್ಣು. ನಾವಿಬ್ಬರೂ ನೆಲದ ಮೇಲೆ ಕೂತು ಅತ್ತೆವು. ಆ ಅಳುವಿನಲ್ಲಿ ಕಲಬೆರಕೆ ಇರಲಿಲ್ಲ.

ಹೊರಡುವ ದಿನ ಆಕೆ ನನ್ನ ಮಗಳ ನೆತ್ತಿಗೆ ಅತ್ತರು ಸವರಿದಳು. "ಯುದ್ಧ ಮುಗಿಯಲಿ, ನೀನು ಏಡನಿಗೆ ಬಾ. ಸಮುದ್ರದ ಎದುರು ಕೂರೋಣ, ಯಾರಿಗೂ ಬಖೂರ್ ಹಿಡಿಯುವುದು ಬೇಡ" ಎಂದಳು. ಏರ್‌ಪೋರ್ಟಿಗೆ ಆಕೆಯನ್ನು ಬೀಳ್ಕೊಡಲು ಹೋದದ್ದು ಹೊಸಬಳು. ಕಾರಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಇಬ್ಬರೂ ಕರೆದರು ಕೂಡ. ಹಂಚಿಕೊಂಡ ವಿದಾಯ ನನಗೆ ಬೇಡ ಎಂದು ಮಗುವಿಗೆ ನಿದ್ದೆ ಎಂದೆ. ಕಿಟಕಿಯಿಂದ ಕಾರು ತಿರುವು ದಾಟುವುದನ್ನು ನೋಡಿದೆ.

ಆ ಸರಕಾರ ಹೆಚ್ಚು ಕಾಲ ಒಂದಾಗಿ ಇರಲಿಲ್ಲ. ಬಣಗಳು ಮತ್ತೆ ಮುನಿಸಿಕೊಂಡವು. ಹೊಸಬಳ ಗಂಡ ಹುದ್ದೆ ಕಳೆದುಕೊಂಡು ಖೋಬರಿಗೇ ವಾಪಸಾದ, ಈಗ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಆಕೆಯ ಫೋನ್ ಮೊದಮೊದಲು ವಾರವಾರ ಬರುತ್ತಿತ್ತು. ಅಲ್ಲಿ ಕರೆಂಟಿಲ್ಲ, ನೆಟ್ ಇಲ್ಲ, ಸೆಕೆ ಎನ್ನುತ್ತಿದ್ದಳು. ಆಮೇಲೆ ಹಬ್ಬಕ್ಕೊಮ್ಮೆ... ಆಮೇಲೆ ಯಾವಾಗಲಾದರೂ. ನಾನೂ ಹೊಸಬಳೂ ಮೆಟ್ಟಿಲಲ್ಲಿ ಸಿಕ್ಕರೆ ಸಲಾಂ, ಅಷ್ಟೇ. ನನ್ನ ಬಳಿ ಆಕೆಯ ಸುದ್ದಿ ಕೇಳಲು ಅವಳಿಗೆ ಬಿಗುಮಾನ, ಅವಳ ಬಳಿ ಕೇಳಲು ನನಗೆ.

ಕಳೆದ ಚಳಿಗಾಲದಲ್ಲಿ ಹೊಸಬಳು ನನ್ನ ಬಾಗಿಲು ತಟ್ಟಿದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಕೈಯಲ್ಲಿ ಬಟ್ಟೆ ಸುತ್ತಿದ ಎರಡು ಗಂಟು. ಕಣ್ಣು ಅತ್ತು ಕೆಂಪಾಗಿತ್ತು.

ಏಡನಿನಲ್ಲಿ ಆಕೆಗೆ ಎದೆನೋವು ಬಂದಿತ್ತಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದರೂ ಅಲ್ಲಿ ಕರೆಂಟ್ ಹೋಗಿತ್ತಂತೆ. ತಮ್ಮನೇ ಎತ್ತಿಕೊಂಡು ಹೋಗಿದ್ದನಂತೆ, ಆಕೆ ಉಳಿಯಲಿಲ್ಲ. ಅದಕ್ಕೆ ಸ್ವಲ್ಪ ದಿನ ಮೊದಲು ಆಕೆ ಬಖೂರ್ ಕಾಯಿಸಿ ನಮ್ಮಿಬ್ಬರಿಗೂ ಒಂದೊಂದು ಉಂಡೆ ಕಟ್ಟಿಟ್ಟಿದ್ದಳು. ಊರಿನಿಂದ ಬಂದವರ ಕೈಯಲ್ಲಿ ತಮ್ಮ ಅದನ್ನು ಕಳಿಸಿದ್ದ.

"ಯಾವಾಗ?" ಎಂದೆ.

"ಹೋದ ವಾರ. ನಿನಗೆ ಹೇಗೆ ಹೇಳುವುದು ಅಂತ ನನಗೆ ತಿಳಿಯಲಿಲ್ಲ."

ಹೋದ ವಾರ! ಇವಳಿಗೆ ಮೊದಲೇ ಗೊತ್ತು. ನಾನು ನಗುತ್ತ ಅಡುಗೆ ಮಾಡಿಕೊಂಡಿದ್ದ ದಿನಗಳಲ್ಲಿ ಇವಳು ಮೇಲೆ ಕೂತು ಅತ್ತಿದ್ದಾಳೆ. ಸಾವಿನ ಸುದ್ದಿಯಲ್ಲೂ ನನಗೆ ಎರಡನೇ ಜಾಗ. ನನ್ನ ಕಣ್ಣು ಆ ಎರಡು ಗಂಟುಗಳ ಮೇಲೆ ಹೋಯಿತು. ಯಾವುದು ದೊಡ್ಡದು ಎಂದು ನೋಡಿತು, ಹೌದು, ನೋಡಿತು. ಎರಡೂ ಒಂದೇ ಅಳತೆ. ಆಕೆಗೆ ನನ್ನ ಬುದ್ಧಿ ಗೊತ್ತಿತ್ತು.

ಹೊಸಬಳು ಒಳಗೆ ಬಂದು ಕೂತಳು. ಈಗ ನನಗೆ ಅರಬ್ಬಿ ಚೆನ್ನಾಗಿ ಬರುತ್ತದೆ. ಅವಳು ನೆಲ ನೋಡುತ್ತ ಹೇಳಿದಳು:

"ನೀನು ಆ ದಿನ ಎದ್ದು ಹೋದೆಯಲ್ಲ, ಆಮೇಲೆ ನಮ್ಮಿಬ್ಬರಿಗೆ ಮಾತೇ ಇರಲಿಲ್ಲ. ಫೋನ್ ಬರುವ ತನಕ ಗೋಡೆ ನೋಡುತ್ತ ಕೂತಿದ್ದೆವು. ಯಾವಾಗಲೂ ಹಾಗೆಯೇ. ಅವಳು ನನ್ನ ಜೊತೆ ಒಂದು ದಿನವೂ ನಿನ್ನ ಜೊತೆ ನಕ್ಕ ಹಾಗೆ ನಗಲಿಲ್ಲ. ಗೋಡೆಯಾಚೆಯಿಂದ ನಾನು ಕೇಳುತ್ತಿದ್ದೆನಲ್ಲ, ನನಗೆ ಗೊತ್ತು."

ನನಗೆ ಖುಷಿಯಾಯಿತು. ಸಾವಿನ ಸುದ್ದಿ ಕೇಳಿ ಚಾ ಕುದಿಯುವಷ್ಟು ಹೊತ್ತೂ ಆಗಿರಲಿಲ್ಲ, ನನಗೆ ಖುಷಿಯಾಯಿತು. ನಗು ನನ್ನದಾಗಿತ್ತು. ನನ್ನೊಬ್ಬಳದೇ. ಆ ಖುಷಿಯ ಹಿಂದೆಯೇ ಅಳು ಬಂತು. ಬಂದದ್ದು ಬಹಳ ದಿನ ನಿಲ್ಲಲಿಲ್ಲ.

ಹೊಸಬಳು ಆಗಾಗ ಚಾಕ್ಕೆ ಬರತೊಡಗಿದಳು. ಅವಳ ಉಂಡೆ ರಮದಾನಿನಲ್ಲೇ ಮುಗಿಯಿತಂತೆ. ದಿನವೂ ಒಂದು ಚೂರು ಕೆಂಡಕ್ಕೆ ಹಾಕುತ್ತಿದ್ದಳಂತೆ. "ನಿನ್ನದರಲ್ಲಿ ಸ್ವಲ್ಪ ಹಾಕು" ಎಂದು ಒಮ್ಮೆ ಕೇಳಿದಳು. "ನನ್ನದೂ ಮುಗಿಯಿತು" ಎಂದೆ. ಒಂದು ಚೂರೂ ಮುರಿದಿರಲಿಲ್ಲ. ಹಂಚಿಕೊಳ್ಳಲು ಮನಸ್ಸಿಲ್ಲ ಎಂಬುದು ಒಂದಾದರೆ, ಹಚ್ಚಲು ಧೈರ್ಯವಿಲ್ಲ ಎಂಬುದು ಇನ್ನೊಂದು. ಹಚ್ಚಿದರೆ ಯಾರಾದರೂ ಎದ್ದು ಹೋಗಬೇಕಾಗುತ್ತದಲ್ಲ... ಹಾಗೆ ಆ ಡಬ್ಬಿ ಕಂಬಳಿಗಳ ಹಿಂದೆ ಹೋಯಿತು.

ಮೊನ್ನೆ ಕಂಬಳಿ ತೆಗೆದ ಸಂಜೆಯೂ ಹೊಸಬಳು ಬಂದಳು. ಮಗಳು ಕಂಬಳಿ ಹೊದ್ದುಕೊಂಡು ಸೋಫಾದ ಮೇಲೆ ಹೋಂವರ್ಕ್ ಮಾಡುತ್ತಿದ್ದಳು. ಹೊಸಬಳು ಅವಳ ಪಕ್ಕ ಕೂತವಳು ಮಾತನ್ನು ಥಟ್ಟನೆ ನಿಲ್ಲಿಸಿದಳು. ಮೂಗು ಅರಳಿತು. ನನ್ನ ಮುಖ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ಕಂಬಳಿಯ ಅಂಚನ್ನು ಮೆಲ್ಲಗೆ ಎತ್ತಿ, ಅದರಲ್ಲಿ ಮುಖ ಮುಚ್ಚಿಕೊಂಡಳು. ಬಹಳ ಹೊತ್ತು ಹಾಗೆಯೇ ಇದ್ದಳು. ಮಗಳು ಗಾಬರಿಯಾಗಿ "ಆಂಟಿ?" ಎಂದಳು.

ಕಂಬಳಿಯನ್ನು ಕಿತ್ತುಕೊಳ್ಳಬೇಕೆನಿಸಿತು ನನಗೆ. ಸುಳ್ಳು ಹೇಳುವುದಿಲ್ಲ, ಕೈ ಮುಂದೆ ಹೋಗಿಯೂ ಇತ್ತು. ಹೋದ ಕೈ ಇನ್ನೊಂದು ಅಂಚನ್ನು ಹಿಡಿದುಕೊಂಡಿತು. ನಾನೂ ಮುಖಕ್ಕೊತ್ತಿಕೊಂಡೆ. ಸುಟ್ಟ ಸಕ್ಕರೆ, ಗುಲಾಬಿ...

ಬಖೂರ್ ಬಂದ ಮೇಲೆ ಕೂರಬಾರದು. ಆದರೂ ಇಬ್ಬರೂ ಕೂತೇ ಇದ್ದೆವು. ಎಬ್ಬಿಸಬೇಕಾದವಳೇ ಇರಲಿಲ್ಲ.